ಮಿಸ್ಟರ್ ಹೇಮಲತಾ

ನನ್ನ ಹೆಸರು ಹೇಮಲತಾ ಅಲ್ಲ, ಭುಜಂಗ. ಮೂಗಿನ ಕೆಳಗೆ ಪೊದೆಯಂಥ ಮೀಸೆ ಬೇರೆ ಇದೆ. ಆದರೂ ಬರ್ಮಿಂಗ್‌ಹ್ಯಾಂನ ಸೆಲ್ಲಿ ಓಕಿನ ರಸ್ತೆಗೆ ಇಳಿದರೆ ಆಚೆ ಬದಿಯಿಂದ "ಗುಡ್ ಮಾರ್ನಿಂಗ್, ಹೇಮಾ!" ಎಂದು ಕೂಗುವವರೇ ಎಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಕರ್ಮ.

ತಪ್ಪು ನನ್ನ ತಲೆಯದು. 1993ರಲ್ಲಿ ಈ ಲಾಂಡ್ರಿ ತೆರೆದಾಗ ಬಾಗಿಲ ಮೇಲೆ 'ಹೇಮಲತಾ' ಎಂದು ಬೋರ್ಡು ಬರೆಸಿದ್ದೆ. ಬರೆದ ಪುಣ್ಯಾತ್ಮ ನಡುವೆ ಜಾಗ ಬಿಟ್ಟು 'ಹೇಮಾ ಲತಾ' ಮಾಡಿಟ್ಟ. ಮೊದಲ ಗಿರಾಕಿ ಪಾಲೀನ್ ಎಂಬ ನರ್ಸಮ್ಮ. ಬಂದವರೇ ಬೋರ್ಡಿನತ್ತ ಬೆರಳು ತೋರಿಸಿ ಏನೋ ಕೇಳಿದರು. ಅವರ ಬರ್ಮಿಂಗ್‌ಹ್ಯಾಂ ಇಂಗ್ಲಿಷು ಆಗ ನನ್ನ ಕಿವಿಗೆ ಹತ್ತುತ್ತಿರಲಿಲ್ಲ. ನಮ್ಮೂರ ರೂಢಿಯಂತೆ ತಲೆಯನ್ನು ಆಚೆ ಈಚೆ ತೂಗಿದೆ. ನಮ್ಮಲ್ಲಿ ಅದಕ್ಕೆ ಹೌದು, ಅಲ್ಲ, ನೋಡುವ, ನನಗೆ ಅರ್ಥ ಆಗಲಿಲ್ಲ, ಹೀಗೆ ಏನು ಬೇಕಾದರೂ ಅರ್ಥ ಉಂಟು. ಪಾಲೀನ್ ಹಿಡಿದದ್ದು ಹೌದು ಎಂಬುದನ್ನು ಮಾತ್ರ. "ನೈಸ್ ಟು ಮೀಟ್ ಯು, ಹೇಮಾ" ಎಂದು ಕೈ ಕುಲುಕಿ, ರಜಾಯಿ ಕೊಟ್ಟು ಹೋದರು. ವಾರದೊಳಗೆ ಬೀದಿಗೆಲ್ಲ ನಾನು ಹೇಮಾ ಆದೆ.

ಸರಿಪಡಿಸಲು ನೋಡಲಿಲ್ಲವೆಂದಲ್ಲ. ಬೇರೆ ಒಂದಿಬ್ಬರು ಗಿರಾಕಿಗಳಿಗೆ 'ಭುಜಂಗ' ಎಂದು ಬಿಡಿಸಿ ಬಿಡಿಸಿ ಹೇಳಿದರೆ 'ಬೂಜ್ಯಾಂಗಾ' ಎನ್ನುತ್ತಿದ್ದರು. ಅದಕ್ಕಿಂತ ಹೇಮಾ ವಾಸಿ ಎಂದು ಬಿಟ್ಟೆ. ಹೆಂಡತಿ ಸೇವಂತಿಗಂತೂ ಇದು ಮುಗಿಯದ ಹಬ್ಬ. ಜಗಳವಾದ ದಿನ ಮಹಡಿಯಿಂದ "ಹೇಮಕ್ಕ, ಊಟಕ್ಕೆ ಬನ್ನಿ" ಎಂದು ಕರೆಯುತ್ತಾಳೆ.

ಹೀಗಿರುವಾಗ 2015ರ ಮಾರ್ಚಿನಲ್ಲಿ ನಮ್ಮ ಬೀದಿಯ ಅಂಗಡಿಯವರ ಸಂಘದಿಂದ ಕಾಗದ ಬಂತು. ಇಪ್ಪತ್ತು ವರ್ಷ ದಾಟಿದ ಅಂಗಡಿಗಳ ಗೋಡೆಗೆ ಹಿತ್ತಾಳೆಯ ಫಲಕ ಹಾಕುತ್ತಾರಂತೆ. ನನಗೂ ಒಂದು. ಖುಷಿಯಿಂದ ಓದುತ್ತ ಹೋದವನಿಗೆ ಕೆಳಗಿನ ಸಾಲು ಕಂಡಿತು. ಫಲಕದಲ್ಲಿ ಕೆತ್ತುವ ಹೆಸರು: ಮಿಸ್ಟರ್ ಹೇಮಾ ಲತಾ.

ಮೈಯೆಲ್ಲ ಉರಿಯಿತು. ಬಾಯಲ್ಲಿ ಕರೆಯುವುದು ಗಾಳಿಗೆ ಹೋಗುತ್ತದೆ, ಹಿತ್ತಾಳೆಯಲ್ಲಿ ಕೆತ್ತಿದ್ದು ನಾನು ಸತ್ತ ಮೇಲೂ ಇರುತ್ತದಲ್ಲ! ಕೂಡಲೇ ಫೋನ್ ಮಾಡಿದೆ. ಸಂಘದ ಹೆಂಗಸು ನಯವಾಗಿಯೇ ಮಾತಾಡಿದಳು. ಶುಕ್ರವಾರ ಕೆತ್ತನೆಗೆ ಹೋಗುತ್ತದೆ, ಗುರುವಾರ ಸಂಜೆ ಐದರೊಳಗೆ ಸರಿಯಾದ ಹೆಸರು ಈಮೇಲ್ ಮಾಡಿ, ಆಮೇಲೆ ಬದಲಿಸಲು ಆಗದು ಎಂದಳು.

"ಎಂತ ಮಾರಾಯ್ರೆ, ಇಷ್ಟು ವರ್ಷ ಇಲ್ಲದ ರೋಷ ಈಗ ಎಂತಕ್ಕೆ?" ಎಂದಳು ಸೇವಂತಿ.

"ನನ್ನ ಹೆಸರು ನನಗೆ ಬೇಕು!" ಎಂದು ಗುಡುಗಿದೆ.

ಗುರುವಾರ ಮಧ್ಯಾಹ್ನ ಮಗಳು ಯಶ್ಮಿತಾ ಅಂಗಡಿಗೆ ಬಂದಳು. ಇಲ್ಲೇ ಯೂನಿವರ್ಸಿಟಿಯಲ್ಲಿ ಇತಿಹಾಸ ಓದುತ್ತಾಳೆ, ಕೊನೆಯ ವರ್ಷ. ಅವಳು ಬಂದರೆ ನಾವಿಬ್ಬರೂ ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಚುತ್ತ ಮಾತಾಡುವುದು ವಾಡಿಕೆ. ಅವಳ ಪ್ರಬಂಧ ಎಲ್ಲಿಗೆ ಬಂತೆಂದು ಕೇಳಿದೆ.

"ಇಟ್ಸ್ ಅಬೌಟ್ ಲಾಂಡ್ರೀಸ್, ಅಪ್ಪ. ನಿಮ್ಮ ಸಬ್ಜೆಕ್ಟೇ!"

ನೂರಮೂವತ್ತು ವರ್ಷದ ಹಿಂದೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಟ್ಟೆ ಒಗೆಯುತ್ತಿದ್ದವರು ಹೆಚ್ಚಿನವರು ಚೀನಾದಿಂದ ಬಂದವರಂತೆ. ಅವರನ್ನು ಓಡಿಸಬೇಕು, ಆದರೆ ಬಾಯಿಬಿಟ್ಟು ಹೇಳಬಾರದು. ಅದಕ್ಕೇ ಒಂದೊಂದು ಕಾನೂನು. ಒಗೆದ ಬಟ್ಟೆಯನ್ನು ಕುದುರೆಗಾಡಿಯಲ್ಲಿ ಹಂಚುವವರಿಗೆ ಕಡಿಮೆ ತೆರಿಗೆ, ನಡೆದು ಹಂಚುವವರಿಗೆ ಎಷ್ಟೋ ಪಟ್ಟು ಹೆಚ್ಚು.

"ಕುದುರೆ ಇಲ್ಲದ್ದಕ್ಕೆ ತೆರಿಗೆಯಾ?" ನನಗೆ ನಗು ತಡೆಯಲಿಲ್ಲ. "ಇಲ್ಲದ ಕುದುರೆಗೆ ಹುಲ್ಲು ಹಾಕಿದ ಹಾಗಾಯ್ತು!"

ಹೆಗಲ ಮೇಲೆ ಎರಡೂ ತುದಿಗೆ ಬುಟ್ಟಿ ಕಟ್ಟಿದ ಅಡ್ಡೆ ಹೊತ್ತು ಫುಟ್‌ಪಾತಿನಲ್ಲಿ ನಡೆಯಬಾರದೆಂದು ಇನ್ನೊಂದು ಕಾನೂನು. ಜೈಲಿಗೆ ಹೋದರೆ ಜಡೆ ಕತ್ತರಿಸಬೇಕೆಂದು ಮತ್ತೊಂದು. ಅಡ್ಡೆ ಹೊರುವವರು ಯಾರು, ಜಡೆ ಬಿಡುವ ಗಂಡಸರು ಯಾರು ಎಂದು ಊರಿಗೆಲ್ಲ ಗೊತ್ತು. ಕೆಲವು ಊರುಗಳಲ್ಲಿ ಮನೆಗಳಿಗೆ ಬೆಂಕಿಯಿಟ್ಟೇ ಓಡಿಸಿದರು ಎಂದಾಗ ನನ್ನ ನಗು ನಿಂತಿತು.

ಆಮೇಲೆ ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಪರವಾನಗಿ ಬೇಕೆಂದರಂತೆ. ಚೀನಾದವರ ಇನ್ನೂರು ಅರ್ಜಿಯಲ್ಲಿ ಒಂದೂ ಪಾಸಾಗಲಿಲ್ಲ. ಉಳಿದವರದ್ದು ಎಂಬತ್ತು ಅರ್ಜಿ, ಒಂದು ಬಿಟ್ಟು ಎಲ್ಲ ಪಾಸು. ಚೀನಾದ ಒಬ್ಬ ಮಾತ್ರ ಸುಮ್ಮನೆ ಕೂರಲಿಲ್ಲ. ಪರವಾನಗಿಯಿಲ್ಲದೆ ಲಾಂಡ್ರಿ ನಡೆಸಿದನೆಂದು ಜೈಲಿಗೆ ಹಾಕಿದರೂ ಜಗ್ಗದೆ ದೇಶದ ಅತಿ ದೊಡ್ಡ ಕೋರ್ಟಿನವರೆಗೆ ಹೋಗಿ ಗೆದ್ದ.

"ಭಲೇ!" ಎಂದೆ. "ಎಷ್ಟು ವರ್ಷದ ಅಂಗಡಿ ಅವನದ್ದು?"

"ಟ್ವೆಂಟಿ ಟು ಇಯರ್ಸ್."

ನನ್ನ ಕೈಯಲ್ಲಿದ್ದ ಬೆಡ್‌ಶೀಟಿನ ತುದಿ ಜಾರಿತು. "ಹೆಸರು?"

"ಕೇಸಿನ ಹೆಸರು ಯಿಕ್ ವೋ. ಇವತ್ತಿಗೂ ಲಾ ಸ್ಟೂಡೆಂಟ್ಸ್ ಓದ್ತಾರೆ. ಆದ್ರೆ ಅಪ್ಪ, ಅದು ಅವನ ಹೆಸರಲ್ಲ. ಅಂಗಡಿ ಹೆಸರು! ಬೋರ್ಡ್ ನೋಡಿ ಇವನೇ ಯಿಕ್ ವೋ ಅಂತ ಬರೆದುಬಿಟ್ರು. ಅವನ ಹೆಸರು ಲೀ ಯಿಕ್ ಅಂತಾರೆ."

ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಕೇಸು ಗೆದ್ದು ಹೆಸರು ಸೋತನಲ್ಲ ಪಾಪ!

"ನೋಡು, ಗಂಟೆ ನಾಲ್ಕೂವರೆ," ಎಂದೆ. "ಈಗಲೇ ಬರಿ. ಅಂಗಡಿಯ ಹೆಸರೆಲ್ಲ ಬೇಡ. ಬರೀ ಭುಜಂಗ."

ಅವಳು ಫೋನ್ ತೆಗೆದು ಟೈಪ್ ಮಾಡತೊಡಗಿದಳು. ಫಕ್ಕನೆ ನಿಲ್ಲಿಸಿ, "ಅಪ್ಪ, ಶಾಪಿಗೆ ಅಜ್ಜಿ ಹೆಸರು ಯಾಕೆ ಇಟ್ರಿ?" ಎಂದು ಕೇಳಿದಳು.

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನನ್ನ ಅಮ್ಮ ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದಳು. ಹೆರಿಗೆಯಾದ ಮನೆಯಲ್ಲಿ, ಸಾವಾದ ಮನೆಯಲ್ಲಿ ಸೂತಕ ಕಳೆಯಬೇಕಾದರೆ ಅವಳು ಮಡಿಬಟ್ಟೆ ತಂದುಕೊಡಬೇಕು. ಅವಳಿಲ್ಲದೆ ಅವರು ಶುದ್ಧವಾಗುವಂತಿಲ್ಲ, ಆದರೂ ಅವಳು ನಿಲ್ಲಬೇಕಾದದ್ದು ಅಂಗಳದಲ್ಲಿ. "ಮಡಿವಾಳ್ತಿ ಬಂದ್ಲು" ಎನ್ನುತ್ತಿದ್ದರೇ ಹೊರತು ಹೆಸರು ಹಿಡಿದು ಕರೆದವರಿಲ್ಲ. ಯಾವುದೋ ಮಾಸ್ತರರ ಬಾಯಲ್ಲಿ ಕೇಳಿ ಇಷ್ಟಪಟ್ಟು ಅಜ್ಜ ಇಟ್ಟ ಹೆಸರು ಹೇಮಲತಾ. "ನಿಂಗೆ ಅಷ್ಟು ದೊಡ್ಡ ಹೆಸರು ಎಂತಕ್ಕೆ?" ಎಂದು ಒಬ್ಬ ಯಜಮಾನಿ ನಕ್ಕದ್ದನ್ನು ನಾನೇ ಅಮ್ಮನ ಸೆರಗು ಹಿಡಿದು ನಿಂತು ಕೇಳಿದ್ದೇನೆ. ಒಂದಲ್ಲ ಒಂದು ದಿನ ಎಲ್ಲರ ಬಾಯಲ್ಲೂ ಈ ಹೆಸರು ಹೇಳಿಸುತ್ತೇನೆ ಎಂದು ಅವತ್ತೇ ಹಟ ತೊಟ್ಟಿದ್ದೆ.

ಹೇಳಿ ಮುಗಿಸಿ, ಜಾರಿಬಿದ್ದಿದ್ದ ಬೆಡ್‌ಶೀಟಿನ ತುದಿ ಎತ್ತಿಕೊಂಡೆ. ಯಶ್ಮಿತಾ ನನ್ನನ್ನೇ ನೋಡುತ್ತಿದ್ದಳು.

"ಆದ್ರೆ ಎಲ್ಲರೂ ಹೇಳ್ತಿದ್ದಾರಲ್ಲ ಅಪ್ಪ," ಎಂದಳು ಮೆಲ್ಲಗೆ. "ಎವ್ರಿ ಸಿಂಗಲ್ ಡೇ."

ಇಪ್ಪತ್ತೆರಡು ವರ್ಷ ನಾನು ಹಲ್ಲು ಕಡಿದದ್ದು ಇದಕ್ಕಾ? ನನ್ನ ತಲೆಗೆ ನಾನೇ ಒಂದು ಮೊಟಕಿಕೊಂಡೆ. ಗಂಟೆ ಐದಾಗಲು ಎಂಟು ನಿಮಿಷವಿತ್ತು. ಫೋನ್ ಕಸಿದುಕೊಂಡು, ಅವಳು ಬರೆದದ್ದನ್ನೆಲ್ಲ ಅಳಿಸಿ, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ನಾನೇ ಬರೆದು ಕಳಿಸಿದೆ.

"ನಿನ್ನ ಪ್ರಬಂಧದಲ್ಲೂ ಅವನ ಹೆಸರು ಮೊದಲ ಸಾಲಿನಲ್ಲೇ ಬರಬೇಕು," ಎಂದೆ. "ಲೀ ಯಿಕ್. ಅಂಗಡಿ ಹೆಸರು ಆಮೇಲೆ."

"ಆಯ್ತು, ಹೇಮಕ್ಕ," ಎಂದಳು ಕಳ್ಳಿ. ಥೇಟ್ ತಾಯಿಯದೇ ನಾಲಿಗೆ.

ಏಪ್ರಿಲಿನ ಒಂದು ಶನಿವಾರ ಫಲಕದ ಮೇಲಿನ ಬಟ್ಟೆ ಸರಿಸಿದರು. ಆ ಬಟ್ಟೆಗೂ ನಾನೇ ಇಸ್ತ್ರಿ ಹಾಕಿದ್ದೆ. ಸೇವಂತಿ ಮಾಡಿದ ಗೋಳಿಬಜೆ ಹತ್ತೇ ನಿಮಿಷದಲ್ಲಿ ಖಾಲಿಯಾಯಿತು. ನಿವೃತ್ತರಾಗಿ ಕೋಲು ಹಿಡಿದಿರುವ ಪಾಲೀನ್ ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ಓದಿದರು:

"ಹೇಮಲತಾ. ಅವರ ಮಗ ಭುಜಂಗ ಈ ಅಂಗಡಿಯನ್ನು ತೆರೆದದ್ದು 1993ರಲ್ಲಿ."

ಓದಿದವರು ನನ್ನತ್ತ ತಿರುಗಿ, "ಈ ಬೂಜ್ಯಾಂಗಾ ಯಾರು, ಹೇಮಾ?" ಎಂದರು.

"ನಾನೇ. ಹೇಮಲತಾ ನನ್ನ ಅಮ್ಮ."

ಅವರ ಮುಖ ಕೆಂಪಾಯಿತು. "ಅಯ್ಯೋ ದೇವರೇ! ಹಾಗಾದರೆ ಇಷ್ಟು ವರ್ಷ ನಾನು ಕರೆದದ್ದು ನಿಮ್ಮ ತಾಯಿಯ ಹೆಸರನ್ನೇ? ನೀವು ಒಂದು ಮಾತು ಹೇಳಬಾರದಿತ್ತೇ? ಇನ್ನು ಮೇಲೆ ಕರೆಯುವುದಿಲ್ಲ."

"ಬೇಡ, ಬೇಡ," ಎಂದೆ. "ಹಾಗೇ ಕರೀರಿ. ಇನ್ನೂ ಸ್ವಲ್ಪ ಜೋರಾಗಿ ಕರೀರಿ."

ಅವರು ನಕ್ಕು, ಬೀದಿಯ ತುದಿಗೂ ಕೇಳುವಂತೆ ಕೂಗಿದರು: "ಹೇಮಾ!"

ನಾನು ತಲೆಯನ್ನು ಆಚೆ ಈಚೆ ತೂಗಿದೆ. ಈ ಸಲ ಅದಕ್ಕೆ ಒಂದೇ ಅರ್ಥವಿತ್ತು.