ಏಳನೆಯ ಸಾಲಿನ ‘ಸದರಿ’

ಪದಕ ಪಡೆದವರ ಪಟ್ಟಿ ಪದಕ ಕೊಡುವ ಸಂಸ್ಥೆಯ ಜಾಲತಾಣದಲ್ಲಿ ಮೂರು ವರ್ಷದಿಂದ ಇತ್ತು. ಇದ್ದೂ ಇಲ್ಲದ ಹಾಗಿತ್ತು. ವರ್ಷ, ಹೆಸರು, ಘಟನೆ ನಡೆದ ಜಾಗ, ಅಷ್ಟೇ. ನಮ್ಮಜ್ಜನಿಗೆ ಧೈರ್ಯದ ಪದಕ ಬಂದದ್ದೇನೋ ಸರಿ, ಯಾತಕ್ಕೆ ಬಂತು ಎಂದು ಜನ ಫೋನು ಮಾಡಿ ಕೇಳುತ್ತಿದ್ದರು. ಹೊಸದಾಗಿ ಬಂದ ನಿರ್ದೇಶಕರು ಮೊದಲ ವಾರವೇ ಪುಟ ತೆರೆದು ನೋಡಿ, ಇದೇನು ಮತದಾರರ ಪಟ್ಟಿಯೋ ಎಂದರು. ಹೆಸರು ಒತ್ತಿದರೆ ಅದರ ಹಿನ್ನೆಲೆ ತೆರೆದುಕೊಳ್ಳಬೇಕು, ಏನಾಯಿತು, ಆತ ಏನು ಮಾಡಿದ, ಉಳಿದನೋ ಹೋದನೋ ಎಲ್ಲ ಕಾಣಬೇಕು ಎಂದು ಹೇಳಿ, ಆ ಕೆಲಸವನ್ನು ಅನುಮಾನಕ್ಕನ ತಲೆಗೆ ಕಟ್ಟಿದರು.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುವವಳು, ಬಸ್ಸು ಹತ್ತಿದ ಮೇಲೆ ಇಳಿದು ಬಂದು ಮೂರನೆಯ ಸಲ ಎಳೆಯುವವಳು ಎಂದು ಪಕ್ಕದ ಮೇಜಿನ ಉದ್ದಣ್ಣ ಎಲ್ಲರೆದುರೂ ಹೇಳುತ್ತಿದ್ದ. ಹಗಲು ಕಾಗದ ಜೋಡಿಸುವ ಕೆಲಸ, ಸಂಜೆ ಕಂಪ್ಯೂಟರ್ ತರಗತಿ ಎಂದು ನಾಲ್ಕು ವರ್ಷ ಓಡಾಡಿ ಪುಟ ಕಟ್ಟುವುದನ್ನು ಕಲಿತಿದ್ದಳು. ಕಲಿತಿದ್ದರೂ, ತನಗೆ ಬರುವುದು ಅರ್ಧ, ಉಳಿದರ್ಧ ಯಾವಾಗ ಬಯಲಾಗುತ್ತದೋ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ನಿರ್ದೇಶಕರು ಕೇಳದಿದ್ದ, ಬರೆದು ತುಂಬುವ ಒಂದು ಮನೆಯನ್ನು ಅವಳು ಪುಟದಲ್ಲಿ ತಾನಾಗಿ ಸೇರಿಸಿದಳು. ಪ್ರತಿ ವಿವರದ ಕೆಳಗೆ ‘ಆಧಾರ’ ಎಂಬ ಮನೆ: ಈ ಮಾತು ಯಾವ ಕಾಗದದಿಂದ ಬಂತು, ಯಾರು ಕಂಡು ಹೇಳಿದರು. ನಿರ್ದೇಶಕರಿಗೆ ಅದು ಬಹಳ ಹಿಡಿಸಿತು. ಮೆಚ್ಚಿದ್ದನ್ನು ಕೇಳಿ ಅವಳು ಆ ದಿನವೆಲ್ಲ ಹಿಗ್ಗಿದಳು, ಮರುದಿನ ಹೆದರಿದಳು.

ಕಚೇರಿ ಗುಡಿಸುವ ದೊಡ್ಡಮ್ಮ ಈ ಕೆಲಸದ ಸುದ್ದಿ ಕೇಳಿದ್ದೇ ಪೊರಕೆ ಗೋಡೆಗೆ ಒರಗಿಸಿ ಅವಳ ಮೇಜಿನ ಬಳಿ ನಿಂತಳು. ದೊಡ್ಡಮ್ಮನ ಗಂಡ ನೂಲಿನ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಹತ್ತೊಂಬತ್ತು ವರ್ಷದ ಹಿಂದೆ ಗಿರಣಿಗೆ ಬೆಂಕಿ ಬಿದ್ದು ಇಪ್ಪತ್ತಮೂರು ಜನ ಸತ್ತಾಗ ಅವನೂ ಸತ್ತ. ಸತ್ತ ಮೇಲೆ ಪದಕ ಕೊಟ್ಟ ಏಳು ಜನರಲ್ಲಿ ಅವನದು ಏಳನೆಯ ಹೆಸರು. ಆ ಪದಕದ ಬಲದಿಂದಲೇ ದೊಡ್ಡಮ್ಮನಿಗೆ ಈ ಕೆಲಸ ಸಿಕ್ಕಿತ್ತು. ಆದರೆ ಊರ ಬಾಯಿಗೆ ಪದಕ ಬೀಗವಾಗಲಿಲ್ಲ. ಬೆಂಕಿ ಹುಟ್ಟಿದ್ದೇ ಬಾಯ್ಲರ್ ಕೋಣೆಯಲ್ಲಿ, ಅವನು ನಿದ್ದೆ ಮಾಡಿದ್ದ, ಎದ್ದವನು ಎಲ್ಲರಿಗಿಂತ ಮುಂಚೆ ಓಟ ಕಿತ್ತ ಎಂದು ಜನ ಆಡಿಕೊಂಡರು. ಒಬ್ಬಳೇ ಮಗಳನ್ನು ಕೊಟ್ಟ ಮನೆಯಲ್ಲಿ ಅವಳ ಗಂಡನ ಅಣ್ಣನೂ ಅದೇ ಬೆಂಕಿಯಲ್ಲಿ ಬೆಂದಿದ್ದ. ಆ ಮನೆಯವರ ಮಾತು ಕೇಳಿ ಕೇಳಿ ಮಗಳೂ ನಂಬಿದಳು. ಹನ್ನೊಂದು ವರ್ಷದಿಂದ ತವರಿನ ಹೊಸ್ತಿಲು ತುಳಿದಿರಲಿಲ್ಲ.

ಅವರೇನು ಮಾಡಿದರು ಅನ್ನೋದನ್ನ ಹಾಕ್ತೀಯಲ್ಲ, ಎಲ್ಲರ ಫೋನಲ್ಲೂ ಕಾಣುತ್ತಲ್ಲ ಎಂದು ದೊಡ್ಡಮ್ಮ ಎರಡೆರಡು ಸಲ ಕೇಳಿದಳು. ಅವಳಿಗೆ ಬೇಕಾಗಿದ್ದು ಒಂದೇ, ಮಗಳು ಓದಬೇಕು, ಓದಿ ಬರಬೇಕು.

ಹಳೆಯ ಪದಕಗಳ ವಿವರವೆಲ್ಲ ಇದ್ದದ್ದು ದಪ್ಪ ರಟ್ಟಿನ ಒಂದು ದಾಖಲೆ ಪುಸ್ತಕದಲ್ಲಿ. ಅದನ್ನು ಬರೆದ ಗುಮಾಸ್ತರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೆ ಒಂದೇ ಮಾತನ್ನು ಎರಡು ಸಲ ಬರೆಯುವುದು ಅವರ ಜಾಯಮಾನವಲ್ಲ. ಗಿರಣಿಯ ಪುಟದಲ್ಲಿ ಮೊದಲನೆಯವನ ಎದುರು, ‘ಒಳಗೆ ಸಿಕ್ಕಿಕೊಂಡವರನ್ನು ಹೊರತಂದು, ಮತ್ತೆ ಒಳಹೊಕ್ಕು ಪ್ರಾಣ ಬಿಟ್ಟದ್ದು’ ಎಂದಿತ್ತು. ಕೆಳಗಿನ ಆರು ಸಾಲಿಗೂ ‘ಸದರಿ’, ‘ಸದರಿ’. ಮೇಲೆ ಹೇಳಿದ್ದೇ ಇವನಿಗೂ ಎಂದರ್ಥ.

ಸದರಿ ಎಂದಿದ್ದಲ್ಲೆಲ್ಲ ಮೇಲಿನ ಮಾತನ್ನೇ ತುಂಬಿಕೊಳ್ಳುವಂತೆ ಅನುಮಾನಕ್ಕ ಯಂತ್ರಕ್ಕೆ ಹೇಳಿದಳು. ಆಧಾರದ ಮನೆಗಳನ್ನು ಆಮೇಲೆ ತುಂಬೋಣ ಎಂದುಕೊಂಡಳು. ಜನರಿಗೆ ಬಿಡುವ ಮೊದಲು ಪರೀಕ್ಷೆಗೆಂದು ಮಾಡಿದ ಪುಟ ಸಿದ್ಧವಾದ ಮಧ್ಯಾಹ್ನ ದೊಡ್ಡಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ನಿಂತಾಗ, ಜೀವನದಲ್ಲಿ ಒಮ್ಮೆಯೂ ಪರೀಕ್ಷಿಸದ ಮಾತನ್ನು ಬಾಯಿಂದ ಬಿಡದ ಅನುಮಾನಕ್ಕ ಏಳನೆಯ ಹೆಸರು ಒತ್ತಿ ಗಟ್ಟಿಯಾಗಿ ಓದಿಬಿಟ್ಟಳು. ದೊಡ್ಡಮ್ಮ ಅಳಲಿಲ್ಲ. ‘ಮತ್ತೆ ಒಳಹೊಕ್ಕು’ ಎನ್ನುವುದನ್ನು ಮಾತ್ರ ತುಟಿಯಲ್ಲೇ ಎರಡು ಸಲ ಹೇಳಿಕೊಂಡು ಹೋದಳು. ಸಂಜೆಯೊಳಗೆ ಅವಳ ನಾದಿನಿಯ ಮೂಲಕ ಮಗಳಿಗೆ ಸುದ್ದಿ ಮುಟ್ಟಿತು. ಪುಟ ಬಿಟ್ಟ ದಿನ ಕಚೇರಿಗೇ ಬರುತ್ತೇನೆ, ಕಾಗದವನ್ನು ಕಣ್ಣಾರೆ ನೋಡುತ್ತೇನೆ ಎಂದು ಅಲ್ಲಿಂದ ಮಾತು ಬಂತು.

ಅನುಮಾನಕ್ಕ ಕಡತ ಬಿಚ್ಚಿದ್ದು ಅದಾದ ಮೇಲೆ. ಕಟ್ಟಿನಲ್ಲಿ ಆರು ಶಿಫಾರಸು ಪತ್ರಗಳಿದ್ದವು. ಪ್ರತಿಯೊಂದಕ್ಕೂ ಇಬ್ಬಿಬ್ಬರು ಸಾಕ್ಷಿಗಳು. ಏಳನೆಯದು ಇರಲಿಲ್ಲ. ಹಾಳೆ ಹಾಳೆ ಕೊಡವಿದಳು, ಅಕ್ಕಪಕ್ಕದ ವರ್ಷಗಳ ಕಟ್ಟನ್ನೂ ಬಿಚ್ಚಿದಳು. ಬೆಳ್ಳಿಮೀನು ಹುಳ ಬಿದ್ದವು, ಪತ್ರ ಬೀಳಲಿಲ್ಲ.

ಉದ್ದಣ್ಣ ನಕ್ಕ. ‘ಸದರಿ ಅಂದ್ರೆ ಸದರಿ ಕಣಮ್ಮ. ಆರು ಜನಕ್ಕೆ ಬಡಿಸಿದ್ದನ್ನ ಏಳನೇ ಎಲೆಗೂ ಬಡಿಸು. ಸತ್ತೋನು ಬಂದು ಉಪ್ಪು ಕಮ್ಮಿ ಅಂತಾನಾ?’

ಅವಳಿಗೆ ನಿದ್ದೆ ಹತ್ತದೆ ಎರಡು ದಿನ ಕಳೆಯಿತು. ಮೂರನೆಯ ದಿನ ರಜೆ ಹಾಕಿ ಹಳೆಯ ಗುಮಾಸ್ತರ ಮನೆ ಹುಡುಕಿಕೊಂಡು ಹೋದಳು. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಅವರಿಗೆ ಒಂದು ಕಣ್ಣು ಹೋಗಿತ್ತು, ನೆನಪು ಹೋಗಿರಲಿಲ್ಲ. ಸಮಿತಿಯಿಂದ ಏಳು ಹೆಸರು ಬಂದವು, ಆರಕ್ಕೆ ಕಾಗದ ಬಂತು, ಏಳನೆಯದರ ಕಾಗದ ಹಿಂದಿನಿಂದ ಬರುತ್ತದೆ ಎಂದರು, ಬರಲೇ ಇಲ್ಲ ಎಂದು ಅವರು ನಿಧಾನಕ್ಕೆ ಹೇಳಿದರು. ಹಾಗಾದರೆ ಸದರಿ ಎಂದು ಯಾಕೆ ಬರೆದಿರಿ ಎಂದು ಇವಳು ಕೇಳಿದಳು.

‘ಮನೆ ಖಾಲಿ ಬಿಟ್ರೆ ಸಾಹೇಬರು ಪುಸ್ತಕ ಎಸೀತಿದ್ರು,’ ಎಂದರು ಅವರು. ‘ಸದರಿ ಅಂದ್ರೆ ಯಾರಿಗೂ ತೊಂದ್ರೆ ಇಲ್ಲ ಅಂದ್ಕೊಂಡೆ. ನೋಡು, ಹತ್ತೊಂಬತ್ತು ವರ್ಷ ಯಾವ ತೊಂದ್ರೇನೂ ಇರಲಿಲ್ವಲ್ಲ. ನೀನು ಬಂದೆ.’

ಬೈಗುಳವೋ ಮೆಚ್ಚುಗೆಯೋ ತಿಳಿಯದೆ ಅವಳು ನೀರು ಕುಡಿದು ಎದ್ದಳು.

ದಾರಿಯುದ್ದಕ್ಕೂ ಅವಳನ್ನು ಕೊರೆದ ವಿಷಯ ಬೇರೆಯೇ. ಹಳೆಯ ಪಟ್ಟಿಯಲ್ಲಿ ಏಳೂ ಬರೀ ಹೆಸರುಗಳು, ಏಳೂ ಒಂದೇ ಸಮ. ಈಗ ಆರು ಹೆಸರಿನ ಕೆಳಗೆ ಮೂರು ಮೂರು ಸಾಲು ತೆರೆದುಕೊಂಡು, ಏಳನೆಯದರ ಕೆಳಗೆ ಏನೂ ಇಲ್ಲದಿದ್ದರೆ, ಊರು ಹತ್ತೊಂಬತ್ತು ವರ್ಷ ಪಿಸುಗುಟ್ಟಿದ್ದನ್ನು ಸಂಸ್ಥೆಯೇ ಡಂಗುರ ಹೊಡೆದ ಹಾಗಾಗುತ್ತದೆ. ಹೊಡೆಯುವವಳು ತಾನು. ಘಟನೆಗೆಲ್ಲ ಸೇರಿ ಒಂದೇ ಹಿನ್ನೆಲೆ ಹಾಕೋಣವೇ ಎಂದು ನಿರ್ದೇಶಕರನ್ನು ಕೇಳಿ ನೋಡಿದಳು. ಎಲ್ಲರಿಗೂ ಒಂದೇ ಎಂದರೆ ಹಳೆಯ ಪಟ್ಟಿಯೇ ಆಯಿತಲ್ಲ, ಆಧಾರ ಎಂದು ನೀವೇ ತಂದಿರಿ, ಈಗ ನೀವೇ ಜಾರಬೇಡಿ ಎಂದರು ಅವರು. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ.

ಕೊನೆಗೆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಒಂದು ಹಾಳೆ ಸಿಕ್ಕಿತು. ಶವಗಳು ಎಲ್ಲೆಲ್ಲಿ ಸಿಕ್ಕವು ಎಂದು ವೈದ್ಯರು ನಕ್ಷೆ ಹಾಕಿ ಬರೆದದ್ದು. ಬಾಯ್ಲರಿನವನ ಶವ ಬಾಯ್ಲರ್ ಕೋಣೆಯಲ್ಲಿರಲಿಲ್ಲ. ನಲವತ್ತು ಹೆಜ್ಜೆ ಒಳಗೆ, ಬಣ್ಣ ಹಾಕುವ ಶೆಡ್ಡಿನಲ್ಲಿ, ಬೇರೆ ನಾಲ್ವರ ಜೊತೆ ಸಿಕ್ಕಿತ್ತು. ನಕ್ಷೆಯಲ್ಲಿ ಬಾಯ್ಲರ್ ಕೋಣೆಗೆ ಬಯಲಿಗೆ ತೆರೆಯುವ ಸ್ವಂತ ಬಾಗಿಲೊಂದಿತ್ತು. ಅದು ಆ ಹೊತ್ತಿನಲ್ಲಿ ತೆರೆದಿತ್ತೋ ಮುಚ್ಚಿತ್ತೋ ಎಂದು ಯಾರೂ ಬರೆದಿರಲಿಲ್ಲ. ಅವಳು ಕಂಡದ್ದನ್ನಷ್ಟೇ ಪುಟಕ್ಕೆ ಏರಿಸಿದಳು: ಶವ ಸಿಕ್ಕ ಜಾಗ, ಜೊತೆಗಿದ್ದವರ ಸಂಖ್ಯೆ, ಆಧಾರ ವೈದ್ಯರ ನಕ್ಷೆ. ‘ಹೊರತಂದು’ ಇಲ್ಲ, ‘ಒಳಹೊಕ್ಕು’ ಇಲ್ಲ.

ಆಮೇಲೆ ದೊಡ್ಡಮ್ಮನ ಬಳಿ ಹೋದಳು. ಮೊದಲು ಓದಿದ್ದು ತಪ್ಪಾಯಿತು, ಕಾಗದ ನೋಡದೆ ಓದಿಬಿಟ್ಟೆ, ಕಂಡವರು ಹೇಳಿದ್ದಲ್ಲದೆ ಬರೆಯುವಂತಿಲ್ಲ ಎಂದಳು. ಮಗಳು ಹೇಗೂ ಬರ್ತೀನಿ ಅಂದಿದ್ದಾಳಲ್ಲ, ಬರಲಿ ಎಂದಳು ದೊಡ್ಡಮ್ಮ.

ಮಗಳು ಬಂದಳು. ನಲವತ್ತರ ಹತ್ತಿರದ ಹೆಂಗಸು, ಕಿವಿಯ ಬಳಿ ನರೆ, ಕೈಯಲ್ಲಿ ಬಿಗಿಯಾಗಿ ಹಿಡಿದ ಚೀಲ. ದೊಡ್ಡಮ್ಮ ಎದುರಿಗೆ ನಿಲ್ಲಲಾರದೆ ಟೀ ತರುತ್ತೇನೆಂದು ಕೆಳಗೆ ಹೋಗಿದ್ದಳು. ಮಗಳು ಪುಟ ನೋಡಿದಳು, ನಕ್ಷೆಯ ಪ್ರತಿಯನ್ನು ಕೇಳಿ ಪಡೆದು ಅದರ ಮೇಲೆ ಬೆರಳಾಡಿಸಿದಳು. ಬೆರಳು ಬಯಲಿನ ಬಾಗಿಲ ಹತ್ತಿರ ನಿಂತಿತು.

‘ಈ ಬಾಗಿಲು ತೆರೆದಿತ್ತಾ?’

‘ಗೊತ್ತಿಲ್ಲ.’

‘ತೆರೆದಿದ್ರೆ, ಆಚೆ ಹೋಗೋದು ಬಿಟ್ಟು ಜನರಿದ್ದ ಕಡೆ ಹೋದ್ರು. ಮುಚ್ಚಿದ್ರೆ, ತಪ್ಪಿಸ್ಕೊಳ್ಳೋಕೆ ಓಡಿದ್ರು. ಅಲ್ವಾ?’ ಅವಳು ತಲೆ ಎತ್ತಿದಳು. ‘ನೀವು ಇಷ್ಟೆಲ್ಲ ಓದಿದ್ದೀರಿ. ನಿಮಗೇನನ್ಸುತ್ತೆ? ನಿಮ್ಮನ್ನೇ ಕೇಳ್ತಿರೋದು, ಕಾಗದಾನಲ್ಲ.’

ಒಂದು ‘ಹೂಂ’ ಸಾಕಿತ್ತು. ಅದು ಗಂಟಲಿನ ತನಕ ಬಂದದ್ದು ಅನುಮಾನಕ್ಕನಿಗೆ ಗೊತ್ತು. ಆದರೆ ಒಮ್ಮೆ ಆಧಾರವಿಲ್ಲದೆ ಓದಿದ್ದರಿಂದಲೇ ಈ ಹೆಂಗಸು ಇಲ್ಲಿ ಕೂತಿದ್ದಾಳೆ. ಎರಡನೆಯ ಸಲ ಹೇಗೆ ಹೇಳುವುದು?

‘ನನಗೆ ಗೊತ್ತಿಲ್ಲಮ್ಮ,’ ಎಂದಳು.

ಮಗಳು ನಕ್ಷೆಯನ್ನು ಮೇಜಿನ ಮೇಲಿಟ್ಟು ಎದ್ದಳು. ಮೆಟ್ಟಿಲ ತಿರುವಿನಲ್ಲಿ ತಾಯಿ ಎರಡು ಲೋಟ ಹಿಡಿದು ಹತ್ತಿ ಬರುತ್ತಿದ್ದಳು. ಮಗಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು, ಯಾರಿಗಾದರೂ ಬಿಡುವಂತೆ. ಇಳಿದು ಹೋದಳು.

ದೊಡ್ಡಮ್ಮ ಒಳಬಂದು ಖಾಲಿ ಕುರ್ಚಿಯಲ್ಲಿ ತಾನೇ ಕೂತಳು. ಇಷ್ಟು ವರ್ಷದಲ್ಲಿ ಅವಳು ಆ ಕಚೇರಿಯ ಕುರ್ಚಿಯಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಏನು ಕೇಳಿದಳು ಎಂದಳು. ಅನುಮಾನಕ್ಕ ಬಾಗಿಲಿನ ಮಾತು ಹೇಳಿದಳು.

‘ಮುಚ್ಚಿತ್ತು,’ ಎಂದಳು ದೊಡ್ಡಮ್ಮ.

ಟೀ ಆರುತ್ತಿತ್ತು. ಅವಳು ಲೋಟ ನೋಡುತ್ತಲೇ ಹೇಳಿದಳು. ಕೆಲಸ ಬಿಟ್ಟು ಯಾರೂ ಆಚೆ ಹೋಗಬಾರದು ಎಂದು ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದ್ದರು. ಮಧ್ಯಾಹ್ನ ಬುತ್ತಿ ಕೊಡಲು ಹೋದಾಗ ಅವಳೇ ತೆಗೆಯುತ್ತಿದ್ದಳು, ಬರುವಾಗ ಅವಳೇ ಹಾಕುತ್ತಿದ್ದಳು. ‘ಅವತ್ತೂ ನಾನೇ ಹಾಕ್ದೆ. ಬಿಟ್ಟು ಹೋಗೇ, ಸೆಕೆ ಅಂದ್ರು. ಮೇಸ್ತ್ರಿ ಬೈತಾನೆ ಅಂತ ಹಾಕಿ ಬಂದೆ. ಒಂದು ಗಂಟೇಲಿ ಹೊಗೆ ಕಾಣಿಸ್ತು.’

ಆ ಕ್ಷಣದಲ್ಲೂ ಅನುಮಾನಕ್ಕನ ಹಾಳು ಮನಸ್ಸು ಅವಳ ಹೆಸರಿಗೆ ತಕ್ಕ ಕೆಲಸ ಮಾಡಿತು: ಇದು ನಡೆದದ್ದೋ, ಗಂಡನ ಮೇಲಿನ ಮಾತನ್ನು ತನ್ನ ಮೇಲೆ ಎಳೆದುಕೊಳ್ಳಲು ಈಗ ಹೆಣೆದದ್ದೋ? ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ನಿಜವಾ ದೊಡ್ಡಮ್ಮ ಎಂದು ಕೇಳಿಯೂ ಬಿಟ್ಟಳು.

‘ಬರ್ಕೋ,’ ಎಂದಳು ದೊಡ್ಡಮ್ಮ. ‘ಕಂಡೋರು ಬೇಕು ಅಂದ್ಯಲ್ಲ. ನಾನಿದ್ದೀನಿ.’

‘ಬರೆದ್ರೆ ಅವಳೂ ಓದ್ತಾಳೆ.’

‘ಓದ್ಲಿ. ಅಪ್ಪನ ಮೇಲಿರೋದು ನನ್ನ ಮೇಲೆ ಬರ್ಲಿ. ಸತ್ತೋರನ್ನ ಯಾರೂ ಕೇಳೋಕೆ ಹೋಗಲ್ಲ. ನನ್ನನ್ನ ಬೈಯೋಕಾದ್ರೂ ಬರಬಹುದು.’

ಅನುಮಾನಕ್ಕ ಹೇಳಿಕೆ ಬರೆದಳು, ಓದಿ ಹೇಳಿದಳು, ಹೆಬ್ಬೆಟ್ಟು ಒತ್ತಿಸಿಕೊಂಡಳು, ಉದ್ದಣ್ಣನನ್ನು ಕರೆದು ಸಾಕ್ಷಿ ಹಾಕಿಸಿದಳು. ಹೊರಗಿನ ಚಿಲಕ ಹಾಕಿತ್ತು, ಆಧಾರ ಪತ್ನಿಯ ಹೇಳಿಕೆ ಎಂದು ಸಂಜೆ ಐದಕ್ಕೆ ಪುಟ ಬದಲಾಯಿತು. ಆ ಹೆಸರನ್ನು ಎಷ್ಟು ಜನ ಒತ್ತಿದರು ಎಂದು ತೋರಿಸುವ ಲೆಕ್ಕವೊಂದು ಅವಳ ಪರದೆಯಲ್ಲಿತ್ತು. ಮೊದಲ ವಾರ ನಾಲ್ಕು. ಎರಡನೆಯ ವಾರ ಒಂದೇ ದಿನ ಹದಿನೇಳು, ಎಲ್ಲವೂ ಒಂದೇ ಫೋನಿನಿಂದ. ಆಮೇಲೆ ಒಂದೂ ಇಲ್ಲ.

ಯಾರೂ ಬರಲಿಲ್ಲ. ದೊಡ್ಡಮ್ಮ ಈಗ ಮೆಟ್ಟಿಲನ್ನು ದಿನಕ್ಕೆ ಎರಡು ಸಲ ಗುಡಿಸುತ್ತಾಳೆ. ಸಂದರ್ಶಕರ ವೇಳೆ ಮುಗಿಯುವ ತನಕ ಕೆಳಗಿನ ಮೆಟ್ಟಿಲು ಬಿಟ್ಟು ಮೇಲೆ ಬರುವುದಿಲ್ಲ.