ಎಂಟು ವರ್ಷ ನಿಂತ ಕೋಟೆ

'ಕಳ್ಳಿ' ಎಂಬ ಮಾತನ್ನು ಹುಲ್ಲಪ್ಪ ಸರ್ ಬಾಯಿಬಿಟ್ಟು ಆಡಲಿಲ್ಲ. ಆಡಿದ್ದರೆ ಸಕ್ರವ್ವ ನಿಂತಲ್ಲೇ ಜಗಳಕ್ಕೆ ಬೀಳುತ್ತಿದ್ದಳು. ಅವರು ಕನ್ನಡಕ ತೆಗೆದು, ಕರವಸ್ತ್ರದಿಂದ ಒರೆಸಿ, ಇಡೀ ಪ್ರಯೋಗಶಾಲೆಗೆ ಕೇಳುವಂತೆ, "ನನ್ನ ಡ್ರಾವರಿನ ಕೀಲಿ ನಿನಗ ಯಾರು ಕೊಟ್ರವಾ?" ಎಂದರು.

ಇಪ್ಪತ್ತಮೂರು ಜನ ತಿರುಗಿ ನೋಡಿದರು. ಸಕ್ರವ್ವನ ಕಿವಿ ಕಾದ ಹಂಚಿನಂತಾದವು.

ಅದು ಎಂಬತ್ತೇಳನೆಯ ಇಸವಿ. ಬಾಗಲಕೋಟೆಯ ಆ ಕಾಲೇಜಿಗೆ ಕಂಪ್ಯೂಟರ್ ಬಂದು ಇನ್ನೂ ಎರಡು ತಿಂಗಳು. ಅದಕ್ಕೊಂದು ಕಪ್ಪು-ಬಿಳುಪು ಟಿವಿ, ಒಂದು ಟೇಪ್ ರೆಕಾರ್ಡರ್ ಜೋಡಿಸಿ, ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಧಾರವಾಡದಲ್ಲಿ ಹದಿನೈದು ದಿನದ ತರಬೇತಿ ಇತ್ತು. ಕಾಲೇಜಿಗೆ ಒಂದೇ ಜಾಗ. ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಹುಲ್ಲಪ್ಪ ಸರ್ ಒಂದು ಆಟ ಬರೆದಿದ್ದರು. ಬಾದಾಮಿ ಕೋಟೆಯ ಆಟ. ನಾಲ್ಕು ಬಾಗಿಲು: ಕೆರೆ ಬಾಗಿಲು, ಗುಡ್ಡದ ಬಾಗಿಲು, ಊರ ಬಾಗಿಲು, ಹಿಂಬಾಗಿಲು. ಕಣಜದಲ್ಲಿ ಇಷ್ಟು ಕಾಳು, ಕೈಯಲ್ಲಿ ಇಷ್ಟು ದಂಡು. ಪ್ರತಿ ವರ್ಷ ಒಂದು ಬಾಗಿಲಿಗೆ ವೈರಿ ಏರಿ ಬರುತ್ತಾನೆ. ಯಾವ ಬಾಗಿಲು, ಎಷ್ಟು ಜನ ಎಂಬುದು ಯಂತ್ರದ ಮರ್ಜಿ. ಯಾರ ಕೋಟೆ ಹೆಚ್ಚು ವರ್ಷ ನಿಲ್ಲುತ್ತದೋ ಧಾರವಾಡ ಅವರಿಗೆ.

"ವೈರಿ ಯಾವ ಕಡಿಂದ ಬರ್ತಾನ ಅಂತ ಬ್ರಹ್ಮಗೂ ತಿಳಿಯಂಗಿಲ್ಲ," ಎಂದು ಸರ್ ಬೆಳಿಗ್ಗೆಯೇ ಎದೆ ತಟ್ಟಿ ಹೇಳಿದ್ದರು. "ಬರೆದಾವ ನಾನು. ನನಗ ತಿಳಿಯಂಗಿಲ್ಲ."

ಆಡಲು ಹೆಸರು ಕೊಟ್ಟವರು ಏಳು ಜನ, ಸಕ್ರವ್ವನ ಪಾಳಿ ಕೊನೆಯದು. ಇಲಕಲ್ಲಿನಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು. ಅಮೀನಗಡದ ನಿಲ್ದಾಣದಲ್ಲಿ ಹತ್ತಿದ ಗೆಳತಿ ದೌಲತಬಿ ಅವಳನ್ನು ಕಂಡ ಕೂಡಲೇ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟಿದ್ದಳು. ಹಸಿವೆಯೇ ಎಂದು ಕೇಳಿರಲಿಲ್ಲ, ಮುಖ ನೋಡಿಯೇ ಕೊಟ್ಟಿದ್ದಳು. ಪ್ರಯೋಗಶಾಲೆಯ ಸಿಪಾಯಿ ಇಮಾಮಹುಸೇನ ಹುಡುಗಿಯರಿಬ್ಬರಿಗೆ ಫ್ಯಾನಿನ ಕೆಳಗಿನ ಬೆಂಚು ತೋರಿಸಿದ್ದ. ಅಲ್ಲಿ ಕೂತು ಸಕ್ರವ್ವ ಆರು ಜನರ ಆಟ ನೋಡಿದಳು.

ಎಲ್ಲರೂ ನೋಡಿದರು. ಆದರೆ ಉಳಿದವರು ನೋಡಿದ್ದು ಆಡುವವರನ್ನು. ಯಾರು ದಂಡು ತಪ್ಪಾಗಿ ನಿಲ್ಲಿಸಿದರು, ಯಾರು ಕಾಳು ಹಾಳುಮಾಡಿದರು ಎಂದು ನಕ್ಕರು. ಸಕ್ರವ್ವ ನೋಡಿದ್ದು ವೈರಿಯನ್ನು. ಅವಳ ಅವ್ವ ನೇಕಾರರ ಮನೆಯಲ್ಲಿ ಸೀರೆಯ ಮೈಗೂ ಸೆರಗಿಗೂ ಎಳೆ ಎಳೆ ಕೂಡಿಸುವ ಕೊಂಡಿ ಕೆಲಸದವಳು. ಆ ಕೆಲಸದಲ್ಲಿ ಒಂದು ಎಳೆ ತಪ್ಪಿದರೂ ಸೀರೆ ಹೇಳಿಬಿಡುತ್ತದೆ. ಎಂಟನೇ ವಯಸ್ಸಿನಿಂದ ಅವ್ವನ ಪಕ್ಕ ಕೂತು ಎಣಿಸಿದ ಕಣ್ಣು ಅದು. ಮೂರನೆಯವ ಆಡುವಾಗಲೇ ಅವಳಿಗೆ ಗುಮಾನಿ ಬಂತು. ಕೆರೆ, ಕೆರೆ, ಗುಡ್ಡ, ಊರು. ನಾಲ್ಕನೆಯವನಿಗೂ ಕೆರೆ, ಕೆರೆ, ಗುಡ್ಡ. ಬ್ರಹ್ಮನಿಗೆ ತಿಳಿಯದ ವೈರಿ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬರುತ್ತಿದ್ದ. ಆರನೆಯವ ಗುಡೂರಿನ ಪಾಂಡಪ್ಪ ಎಲ್ಲರಿಗಿಂತ ಹೆಚ್ಚು, ಐದು ವರ್ಷ ತಾಳಿ ಆರನೆಯದರಲ್ಲಿ ಬಿದ್ದ. ಅಷ್ಟಕ್ಕೆ ಅವಳಿಗೆ ಆರು ವರ್ಷದ ದಾರಿ ಬಾಯಿಪಾಠವಾಗಿತ್ತು. ಆಡಲು ಕೂತಾಗ ದಂಡನ್ನೆಲ್ಲ ಒಂದೇ ಬಾಗಿಲಿಗೆ ನಿಲ್ಲಿಸುತ್ತ ಬಂದಳು. ಒಬ್ಬನೂ ಸಾಯಲಿಲ್ಲ. ಏಳು, ಎಂಟನೆಯ ವರ್ಷ ದಂಡನ್ನು ನಾಲ್ಕೂ ಕಡೆ ಹಂಚಿ ದೇವರ ಮೇಲೆ ಭಾರ ಹಾಕಿ ಉಳಿದಳು. ಒಂಬತ್ತರಲ್ಲಿ ಕೋಟೆ ಬಿತ್ತು.

ಬಿದ್ದ ಕೂಡಲೇ ಡ್ರಾವರಿನ ಮಾತು.

"ಡ್ರಾವರಿನಾಗ ಏನೈತ್ರಿ?" ಎಂದಳು ಸಕ್ರವ್ವ.

"ಆಟ ಬರೆದ ಕಾಗದ. ಅದನ್ನ ಓದಲಾರದ ಮೂರು ಬಾಗಿಲು ಬಿಟ್ಟು ಒಂದಕ್ಕ ದಂಡು ನಿಲ್ಸೋ ಹುಚ್ಚು ಧೈರ್ಯ ಯಾರಿಗೂ ಬರಂಗಿಲ್ಲ. ಪಾಂಡಪ್ಪನ ಹೆಸರು ಬರಿತೇನಿ ಧಾರವಾಡಕ್ಕ."

"ಸರ್, ವೈರಿ ಎಲ್ಲಾರಿಗೂ ಒಂದ ದಾರೀಲೆ ಬಂದಾನ್ರಿ. ನಾ ಕೂತು ನೋಡೇನಿ."

ಹುಡುಗರು ಹೋ ಎಂದು ನಕ್ಕರು. "ವೈರಿ ನಿನಗ ಕಾಗದ ಹಾಕಿದ್ನೇನ?" ಎಂದ ಒಬ್ಬ.

ಸಕ್ರವ್ವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಣ್ಣು ಬಿಟ್ಟು ನೋಡಿದ್ದು ಅಪರಾಧವೇ? ಇವರು ಮುಚ್ಚಿಕೊಂಡಿದ್ದರೆ ಅದು ನನ್ನ ತಪ್ಪೇ? ಕೊಂಡಿ ಕಟ್ಟುವವಳ ಮಗಳಿಗೆ ಬುದ್ಧಿ ಇದ್ದೀತು ಎನ್ನುವುದಕ್ಕಿಂತ ಕೀಲಿ ಕದ್ದಾಳು ಎನ್ನುವುದೇ ಇವರಿಗೆ ಸುಲಭವಾಯಿತೇ?

"ಇನ್ನೊಮ್ಮೆ ಹಚ್ರಿ ಆಟ," ಎಂದಳು. "ಪಾಂಡಪ್ಪ ಆಡ್ಲಿ. ನಾ ಕಿಟಕಿ ಕಡೆ ಮುಖ ಮಾಡಿ ನಿಂದರ್ತೇನಿ. ವೈರಿ ಬರೋಕಿಂತ ಮೊದಲ ಬಾಗಿಲು ಹೇಳ್ತೇನಿ."

"ಕಾಗದ ಓದಿದಾಕಿ ಹೇಳೇ ಹೇಳ್ತಿ," ಎಂದರು ಸರ್.

"ಕಾಗದದಾಗ ಬಾಗಿಲು ಬರದೀರೇನ್ರಿ? ಬರೆದಾವ್ರಿಗೂ ತಿಳಿಯಂಗಿಲ್ಲ ಅಂತ ಮುಂಜಾನೆ ನೀವ ಹೇಳಿದ್ರಿ."

ಖರೆ, ಕಾಗದದಲ್ಲಿ ಬಾಗಿಲು ಇರಲಿಲ್ಲ. ಇದ್ದದ್ದು ಇಷ್ಟೇ: ಬಾಗಿಲನ್ನು ಯಂತ್ರ ತಾನೇ ಆರಿಸಲಿ. ಆದರೂ ಹುಲ್ಲಪ್ಪ ಸರ್ ಸೋಲಲು ಮನಸ್ಸಿಲ್ಲದೆ, "ಈಗ ಹೊತ್ತಿಲ್ಲ," ಎಂದರು.

ಆಗ ಮೂಲೆಯಲ್ಲಿದ್ದ ಇಮಾಮಹುಸೇನ ಬೀಸಣಿಕೆ ಹಿಡಿದು ಎದ್ದ. "ಸರ್, ಒಬ್ರ ಆಟ ಮುಗಿದ ಮ್ಯಾಲ ಯಂತ್ರಕ್ಕ ವಿಶ್ರಾಂತಿ ಕೊಡಬೇಕು ಅಂತ ನಿಮ್ಮದ ಹುಕುಂ ಐತ್ರಿ," ಎಂದು ಅತ್ಯಂತ ವಿಧೇಯನಾಗಿ ಬಟನ್ ಆರಿಸಿದ, ಬಟ್ಟೆ ಹೊದಿಸಿದ, ಗಾಳಿ ಬೀಸಿದ.

ಅದು ಸರ್ ಮಾಡಿದ ಪದ್ಧತಿ. ಶಿರೂರಿನ ಒಕ್ಕಲು ಮನೆಯವರು. ಸಾಲು ಮುಗಿದಾಗ ಎತ್ತು ನಿಲ್ಲಿಸಿ ನೀರು ತೋರಿಸಿ ಬೆಳೆದವರು. ಯಂತ್ರವೂ ಬಿಸಿಯಾಗುತ್ತದೆ, ದಣಿಯುತ್ತದೆ ಎಂದು ಪ್ರತಿ ಆಟದ ನಂತರ ಅದನ್ನು ಆರಿಸಿ ಮತ್ತೆ ಹೊಸದಾಗಿ ಹಚ್ಚುತ್ತಿದ್ದರು.

ಆ ಪದ್ಧತಿಯಂತೆಯೇ ಇಮಾಮಹುಸೇನ ಮತ್ತೆ ಹಚ್ಚಿದ; ಆಟವನ್ನು ಯಂತ್ರಕ್ಕೆ ತುಂಬುವ ಟೇಪು ಕಿರ್ರೆಂದು ಐದು ನಿಮಿಷ ಅರಚಿತು. ಪಾಂಡಪ್ಪ ಬಂದು ಕೂತ. ಸಕ್ರವ್ವ ಕಿಟಕಿಯ ಸರಳು ಹಿಡಿದು ಬೆನ್ನು ತಿರುಗಿಸಿದಳು.

"ಕೆರಿ ಬಾಗಿಲು."

"ಕೆರಿನ," ಎಂದ ಪಾಂಡಪ್ಪ.

"ಮತ್ತ ಕೆರಿ. ಆಮ್ಯಾಲ ಗುಡ್ಡ. ನಾಕನೇದು ಊರ ಬಾಗಿಲು."

ನಾಲ್ಕನೆಯ ವರ್ಷಕ್ಕೆ ನಗುವವರು ಯಾರೂ ಉಳಿಯಲಿಲ್ಲ. ಐದಕ್ಕೆ ದೌಲತಬಿ ಬೆಂಚು ಹತ್ತಿ ನಿಂತಳು. ಪಾಂಡಪ್ಪ ಅವಳ ಮಾತಿನಂತೆ ದಂಡು ನಿಲ್ಲಿಸುತ್ತ ಎಂಟು ವರ್ಷ ದಾಟಿ ಕುರ್ಚಿ ಹಿಂದೆ ಸರಿಸಿದ. "ಸರ್, ಬೆಳಗ್ಗಿ ನನಗೂ ವೈರಿ ಹಿಂಗ ಬಂದಿದ್ದ. ನಾ ಲಕ್ಷ್ಯ ಕೊಡಲಿಲ್ಲ. ಧಾರವಾಡ ನನ್ನದಲ್ರಿ." ಯಾರೂ ಕೇಳದೆ ಹೇಳಿದ ಆ ಮಾತನ್ನು ಸಕ್ರವ್ವ ಮುಂದೆ ಎಂದೂ ಮರೆಯಲಿಲ್ಲ.

ಹುಲ್ಲಪ್ಪ ಸರ್ ಯಂತ್ರದ ಮೇಲೆ ಕೈ ಇಟ್ಟರು. "ಆರಿಸಿ ಹಚ್ಚಿದಾಗೆಲ್ಲ ಬಾಗಿಲನ್ನ ಮೊದಲಿಂದ ಅದೇ ಸಾಲಿನಾಗ ಎಣಿಸ್ತದ ಇದು," ಎಂದರು ತಮ್ಮಷ್ಟಕ್ಕೆ. ಆಮೇಲೆ ಅವಳ ಕಡೆ ತಿರುಗಿ, "ಆತು, ಹೋಗ್ಲಿ ಬಿಡವಾ. ನಿನ್ನ ಹೆಸರ ಬರಿತೇನಿ."

"ಹೋಗ್ಲಿ ಅಂತ ಹೆಂಗ ಬಿಡ್ಲಿರಿ ಸರ್? ಇಪ್ಪತ್ತಮೂರು ಮಂದಿ ಮುಂದ ಕೀಲಿ ಕೇಳೀರಿ. ಅಷ್ಟೂ ಮಂದಿ ಮುಂದ ಇಲ್ಲಂತ ಹೇಳ್ರಿ. ಹೆಸರು ಆಮ್ಯಾಲ ಬರೀರಿ."

ಸರ್ ಮತ್ತೆ ಕನ್ನಡಕ ತೆಗೆದರು, ಒರೆಸಲಿಲ್ಲ. "ಸಕ್ರವ್ವ ಕೀಲಿ ಮುಟ್ಟಿಲ್ಲ," ಎಂದರು. "ನಾ ತಪ್ಪು ಮಾತಾಡಿದೆ." ಆಮೇಲೆ ಹಲಗೆಯ ಮೇಲೆ ಅವಳ ಹೆಸರನ್ನು ದೊಡ್ಡದಾಗಿ ಬರೆದರು.

ಇಮಾಮಹುಸೇನ ಬಟನ್ನಿಗೆ ಕೈ ಹಾಕಿದ.

"ಆರಸಬ್ಯಾಡ್ರಿ ಕಾಕಾ," ಎಂದಳು ಸಕ್ರವ್ವ. "ಹಂಗ ಮುಂದುವರಿಸ್ರಿ. ಈಗ ಹೆಂಗ ಬರ್ತಾನ ನೋಡೂಣು."

ಅವಳೇ ಆಡಲು ಕೂತಳು. ಆರಿಸದ ಯಂತ್ರದಲ್ಲಿ ಈ ಸಲ ವೈರಿ ಮೊದಲ ವರ್ಷವೇ ಹಿಂಬಾಗಿಲಿಗೆ ಬಂದ. ಎರಡನೆಯ ವರ್ಷವೂ ಹಿಂಬಾಗಿಲಿಗೇ ಬಂದ. ಮೂರನೆಯದಕ್ಕೆ ಅವಳು ದಂಡನ್ನೆಲ್ಲ ಹಿಂದೆ ನಿಲ್ಲಿಸಿದಳು. ಅವನು ಕೆರೆ ದಾಟಿ ಬಂದು ಕೋಟೆ ಹೊಕ್ಕುಬಿಟ್ಟ.

"ಇದ್ಯಾವ ನ್ಯಾಯರೀ ಸರ್!" ಎಂದು ಸಕ್ರವ್ವ ಮೇಜು ಗುದ್ದಿದಳು.