ಮಂತ್ರಿಗಳ ಉತ್ತರದಲ್ಲಿ ಎಮ್ಮೆಗಳಿಲ್ಲ

“ಏ ದೇವಕಿ, ನಿಮ್ಮ ಕೇರಿ ಸೂಳಿಮಕ್ಕಳ ಸಿಂಬಳ ಒರಸಿ ಕರಕೊಂಡು ಬಾ. ಇವತ್ತೊಂದಿನ ಅವು ಮಕ್ಕಳಂಗ ಕಾಣಬೇಕು.”

ಭಗವಂತರಾಯ ಗೌಡ ಹೀಗೆ ಒದರಿದಾಗ ನಾನು ಅವನ ಎಮ್ಮೆಗಳ ಸಗಣಿ ಬಾಚುತ್ತಿದ್ದೆ. ಬಾಚುತ್ತಿದ್ದದ್ದು ಸಾಲೆಯೊಳಗೆ. ನಿಜಾಮನ ಆಳಿಕೆ ಮುಗಿದ ಮೇಲೆ ಸರಕಾರ ನಮ್ಮ ಕೇರಿಯ ಮಕ್ಕಳಿಗೆಂದೇ ಕಟ್ಟಿಸಿದ ಸಾಲೆ ಅದು. ಗೋಡೆಯ ಸುಣ್ಣ ಒಣಗುವ ಮೊದಲೇ ಗೌಡ ಅಲ್ಲಿ ಎಮ್ಮೆ ಕಟ್ಟಿದ. ಮಾಸ್ತರ ಶಹಾಪುರದಲ್ಲೇ ಕೂತು ಪಗಾರ ತಿನ್ನುತ್ತಿದ್ದ. ನನ್ನ ಮಗಳು ಮರಿಲಿಂಗಿಯೂ ದಿನಾ ಸಾಲೆಗೆ ಹೋಗುತ್ತಿದ್ದಳು, ಸಗಣಿ ಬುಟ್ಟಿ ಹೊತ್ತು.

ಗೌಡನ ಅವಸರಕ್ಕೆ ಕಾರಣ ಹೈದರಾಬಾದು. ಅಲ್ಲಿನ ಅಸೆಂಬ್ಲಿಯಲ್ಲಿ ಯಾರೋ ಪುಣ್ಯಾತ್ಮ, ನಮ್ಮ ಕೇರಿಯ ಸಾಲೆ ನಡೆಯುತ್ತಿದೆಯೇ ಎಂದು ಪ್ರಶ್ನೆ ಬರೆದು ಕೊಟ್ಟಿದ್ದನಂತೆ. ಮಂತ್ರಿ ಉತ್ತರ ಬರೆದು ಕೊಡಬೇಕು. ಮಂತ್ರಿಗೇನು ಗೊತ್ತು ನಮ್ಮೂರು? ಪ್ರಶ್ನೆ ಕೈಯಿಂದ ಕೈಗೆ ಇಳಿದು ಕಂದಾಯ ನೋಡುವ ಗಿರ್ದಾವರ ಫಕ್ರುದ್ದೀನ ಸಾಹೇಬರ ಹೆಗಲಿಗೆ ಬಿತ್ತು. ಅವರು ಕಣ್ಣಾರೆ ನೋಡಿ ಬರೆಯಲು ಬರುತ್ತಿದ್ದರು.

ಎಮ್ಮೆ ಹಳ್ಳಕ್ಕೆ ಹೋದವು. ಮಾಸ್ತರನನ್ನು ಗಾಡಿ ಕಳಿಸಿ ತರಿಸಿದರು. ಮಕ್ಕಳ ಕೈಗೆ ಪಾಟಿ ಬಂದವು. ಗಿರ್ದಾವರರು ಬಾಗಿಲಲ್ಲೇ ನಿಂತು, ಮೂಗಿಗೆ ರುಮಾಲು ಹಿಡಿದು, ಗೋಡೆ ಬದಿಯ, ಮೇವು ಹಾಕುವ ಗೋದಲಿ ತೋರಿಸಿ ಮರಿಲಿಂಗಿಯನ್ನು ಕೇಳಿದರು.

“ಇದೇನಮ್ಮಾ?”

“ಗ್ವಾದಲಿ ಅದರಿ. ಕೆಂದೆಮ್ಮಿ ಇಲ್ಲೇ ನಿಂದರತದರಿ.”

ಗೌಡ ಜೋರಾಗಿ ನಕ್ಕ. “ಪಾಟಿ ಇಡಾಕ ಮಾಡಿಸೀನ್ರಿ ಸಾಹೇಬ್ರ.”

ಸಾಹೇಬರು ನಂಬಲಿಲ್ಲ, ಆದರೆ ಅವರಿಗೆ ಹಸಿವಾಗಿತ್ತು. ಸಾಲೆ ಇದೆ, ಚೆನ್ನಾಗಿ ನಡೆಯುತ್ತಿದೆ ಎಂದು ಅಲ್ಲೇ ಬರೆದು ದಸ್ಕತ್ತು ಹಾಕಿ, ಗೌಡನ ಮನೆಗೆ ಊಟಕ್ಕೆ ನಡೆದರು.

ಹೋಗುವಾಗ ಗೌಡ ನನ್ನ ಕಿವಿಯ ಹತ್ತಿರ ಬಂದು ಅಂದ, “ಸಾಹೇಬ್ರು ಕುದರಿ ಹತ್ತಿದ ಕೂಡ್ಲೇ ಈ ಹೇಸಿಗಿ ಹೊರಗ ಹಾಕಿ ಎಮ್ಮಿ ಕಟ್ಟು.”

ಹೇಸಿಗೆ ಎಂದದ್ದು ಸಗಣಿಗಲ್ಲ. ಮರಿಲಿಂಗಿ ಪಾಟಿಯನ್ನು ಎದೆಗವಚಿಕೊಂಡಳು.

“ಯವ್ವಾ, ನಾಳಿನೂ ಸಾಲಿ ಅದನು?”

ಉತ್ತರ ಕೊಟ್ಟವನು ಬಾಗಿಲ ಬದಿ ನಿಂತಿದ್ದ ನನ್ನ ಗಂಡ ತಾಯಪ್ಪ.

“ಅದ. ಸರಕಾರದಾಗ ಬರದಾರಲ್ಲ.” ಅವನು ಹೊಸ್ತಿಲಿಗೆ ಅಡ್ಡ ಕೂತು ತಂಬಾಕು ತಿಕ್ಕಿದ. “ಮಾಸ್ತರ್ರ, ಓದಸ್ರಿ. ನೀವು ಹೊರಗ ಬಂದ್ರ ಸಾಹೇಬ್ರಿಗೆ ಕಾಣತೀರಿ.”

ನಾನು ಹಳ್ಳಕ್ಕೆ ಹೋಗಿ ಎಮ್ಮೆ ಹೊಡೆದುಕೊಂಡು ಬಂದೆ. ಸಾಹೇಬರು ಕುದುರೆ ಹತ್ತುವವರೆಗೆ ಕಾಯಲಿಲ್ಲ. ಅವರು ಪಡಸಾಲೆಯಲ್ಲಿ ರೊಟ್ಟಿ ಮುರಿಯುವ ಹೊತ್ತಿಗೆ ಗೌಡನ ಅಂಗಳದಲ್ಲಿದ್ದೆ.

“ಗೌಡ್ರ, ಎಮ್ಮಿ ಬಂದಾವ್ರಿ. ಅವು ಇರೋ ಜಾಗದಾಗ ಸಾಲಿ ನಡದದ. ಎಲ್ಲಿ ಕಟ್ಟಲ್ರಿ?”

“ಎಲ್ಲಿ ಅಂದ್ರ? ದಿನಾ ಕಟ್ಟೋ ದನದ ಮನ್ಯಾಗ ಕಟ್ಟು, ಬೋಸುಡಿ.”

“ಯಾವ ದನದ ಮನಿರಿ? ಈಗ ಸಾಹೇಬ್ರು ನೋಡಿ ಬಂದ್ರಲ್ರಿ, ಅದಾ?”

ಸಾಹೇಬರ ಕೈಯಲ್ಲಿನ ರೊಟ್ಟಿ ಬಾಯಿಗೆ ಹೋಗಲಿಲ್ಲ. ಗೌಡನ ಮುಖ ನೋಡಿ ಮೆಲ್ಲಗೆ ಅಂದರು, “ಅದು ಸಾಲಿ ಅದ ಗೌಡ್ರ. ನನ್ನ ದಸ್ಕತ್ತು ಬಿದ್ದದ. ಮಂತ್ರಿಗಳು ಜವಾಬು ಓದಿದ ಮ್ಯಾಲ ಅಲ್ಲಿ ಎಮ್ಮಿ ಸಿಕ್ರ ನನ್ನ ನೌಕರಿ ಹೋಗತದ.”

ನಾನು ಹಗ್ಗ ಬಿಟ್ಟೆ. ಎಮ್ಮೆಗೆ ಯಾವ ಜಾತಿ? ರೊಟ್ಟಿ ವಾಸನೆಗೆ ಪಡಸಾಲೆ ಹತ್ತಿದವು. ಕೆಂದೆಮ್ಮೆ ಸಾಹೇಬರ ತಾಟಿನ ಪಕ್ಕದಲ್ಲೇ ಬಾಲ ಎತ್ತಿತು.

“ತೆಗಿಯೇ ರಂಡಿ,” ಗೌಡ ಕೂಗಿದ.

“ಹ್ಯಾಂಗ ತೆಗೀಲ್ರಿ ಯಪ್ಪಾ? ನಾ ಪಡಸಾಲಿ ಮೆಟ್ಟಂಗಿಲ್ಲಲ್ರಿ. ನಿಮಗ ಮೈಲಿಗಿ ಆಗತದ.”

ಸಾಲೆಯ ಕಡೆಯಿಂದ ಮಕ್ಕಳು ಅ, ಆ ಎಂದು ಕೂಗುವುದು ಕೇಳುತ್ತಿತ್ತು. ಎಲ್ಲರಿಗಿಂತ ಜೋರು ಮರಿಲಿಂಗಿಯ ದನಿ. ನಾಳೆ ನಮ್ಮ ಬೆನ್ನ ಮೇಲೆ ಬಾರುಕೋಲು ಆಡುತ್ತದೆ, ನನಗೆ ಗೊತ್ತು. ಆದರೂ ಆ ದನಿ ಕೇಳಿ ನನಗೆ ನಗು ಬಂತು.

ಸಾಹೇಬರು ತಾಟು ಎತ್ತಿಕೊಂಡು ಮೂಲೆಗೆ ಸರಿದರು. ಗೌಡ ಅತ್ತ ಇತ್ತ ನೋಡಿ, ಕೊನೆಗೆ ಧೋತರ ಮೇಲಕ್ಕೆ ಕಟ್ಟಿದ.

ಖಾಲಿ ಸಗಣಿ ಬುಟ್ಟಿ ನನ್ನ ಕಂಕುಳಲ್ಲೇ ಇತ್ತು. ಕೆಳಗಿನಿಂದಲೇ ಅವನ ಕಾಲ ಬಳಿ ಎಸೆದೆ.